ದಾದರಿನ ಒಂದು ಮಣ್ಣಿನ ಪಶು: ಮಾಡಿದವರು ಯಾರು, ಮಾಡಿದುದೇಕೆ?

೧

ಕಳೆದ ವರ್ಷ ನಮ್ಮ ಸಂಘದ ಮಾಸಿಕ ಗೋಷ್ಠಿಯೊಂದರಲ್ಲಿ ನಾನು ಸುಟ್ಟ ಮಣ್ಣಿನ ಪಶುವೊಂದನ್ನು ಸಭಿಕರ ಮುಂದಿರಿಸಿ, ಅದು ಉತ್ತರ ಕರ್ನಾಟಕದ ‘ಮಣ್ಣೆತ್ತು’ ಎಂದು ಪ್ರತಿಪಾದಿಸಿದ್ದೆ. ಆ ಪ್ರತಿಪಾದನೆ ತಪ್ಪು. ತಪ್ಪನ್ನು ಒಪ್ಪಿಕೊಳ್ಳುವುದಷ್ಟೇ ಈ ಲೇಖನದ ಉದ್ದೇಶವಾಗಿದ್ದರೆ ಎರಡು ಸಾಲುಗಳು ಸಾಕಾಗುತ್ತಿದ್ದವು. ಆದರೆ ಆ ತಪ್ಪು ಹೇಗೆ ನಡೆಯಿತು, ಯಾವ ಪ್ರಮಾಣಗಳಿಂದ ಅದು ತಿದ್ದಿತು, ತಿದ್ದಿದ ಬಳಿಕ ಆ ವಸ್ತುವಿನ ಬಗ್ಗೆ ನಮ್ಮ ಕರ್ತವ್ಯವೇನೆಂಬ ಪ್ರಶ್ನೆ ಹೇಗೆ ಎದುರಾಯಿತು ಎಂಬುದನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿದೆ. ಊರನ್ನು ಬಿಟ್ಟು ಈ ನಗರಕ್ಕೆ ಬಂದ ಕನ್ನಡ ಮನೆತನಗಳ ಪೆಟ್ಟಿಗೆಗಳಲ್ಲಿ ಇಂಥ ವಸ್ತುಗಳು ಇನ್ನೂ ಇವೆ. ಅವುಗಳನ್ನು ಬಲ್ಲ ಹಿರಿಯರು ಮಾತ್ರ ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ.

ಬೊಂಬೆಯು ದಾದರಿನಲ್ಲಿ ವಾಸವಾಗಿರುವ ನನ್ನ ಮಿತ್ರರೊಬ್ಬರ ಮನೆಯದು. ಅವರ ಪೂರ್ವಿಕರು ಕಾರ್ಕಳದ ಕಡೆಯವರು. ಹಳೆಯ ಮನೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವ ಸಂದರ್ಭದಲ್ಲಿ ಸಾಮಾನು ಸಾಗಿಸುತ್ತಿರುವಾಗ ಅಜ್ಜಿಯ ಕಾಲದ ತಗಡಿನ ಪೆಟ್ಟಿಗೆಯ ತಳದಲ್ಲಿ ಇದು ಸಿಕ್ಕಿತು. ನಾನು ಬ್ಯಾಂಕಿನ ಉದ್ಯೋಗಿ. ಬಿಡುವಿನ ವೇಳೆಯಲ್ಲಿ ಪ್ರಾಚೀನ ವಸ್ತುಗಳ ಹುಚ್ಚನ್ನು ಹಚ್ಚಿಕೊಂಡವನು. ಅದನ್ನು ಬಲ್ಲ ಮಿತ್ರರು ಬೊಂಬೆಯನ್ನು ನನಗೆ ಕೊಟ್ಟು, “ಇದು ಏನೆಂದು ನೋಡಿ ಹೇಳಿ” ಎಂದರು.

ಬೊಂಬೆಯ ಉದ್ದ ೯.೫ ಸೆಂಟಿಮೀಟರು, ಎತ್ತರ ೭ ಸೆಂಟಿಮೀಟರು, ತೂಕ ೨೩೦ ಗ್ರಾಂ. ಬಣ್ಣ ಇಟ್ಟಿಗೆಗೆಂಪು. ನಾಲ್ಕು ಕಾಲುಗಳು ಮೊಟಕಾದ ಗೂಟಗಳಂತಿವೆ. ಹೆಗಲ ಮೇಲೆ ಸಣ್ಣ ಹಿಣಿಲು ಉಂಟು. ಬಲಗೊಂಬು ಪೂರ್ತಿಯಾಗಿದೆ, ಎಡದ್ದು ಬುಡದಲ್ಲಿ ಮುರಿದಿದೆ. ಕಣ್ಣುಗಳೆಂದರೆ ಕಡ್ಡಿಯಿಂದ ಚುಚ್ಚಿದ ಎರಡು ತೂತುಗಳು; ಬಾಯಿ ಉಗುರಿನಿಂದ ಎಳೆದ ಒಂದು ಗೀರು. ಬಣ್ಣವಿಲ್ಲ, ಮೆರುಗಿಲ್ಲ, ಬರಹವಿಲ್ಲ, ಮುದ್ರೆಯಿಲ್ಲ.

೨

ನಾನು ಧಾರವಾಡದ ಕಡೆಯವನು. ಮಣ್ಣಿನ ಪಶುವೆಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ಮಣ್ಣೆತ್ತಿನ ಅಮಾವಾಸ್ಯೆಯೇ. ಜ್ಯೇಷ್ಠ ಶುದ್ಧ ಹುಣ್ಣಿಮೆಯಂದು, ಅಂದರೆ ಕಾರಹುಣ್ಣಿಮೆಗೆ, ರೈತನು ಜೀವಂತ ಎತ್ತುಗಳನ್ನು ತೊಳೆದು, ಕೊಂಬಿಗೆ ಬಣ್ಣ ಬಳಿದು, ಮೆರೆಸುತ್ತಾನೆ. ಹದಿನೈದು ದಿನಗಳ ಬಳಿಕ ಬರುವ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತುಗಳನ್ನು ಜೋಡಿಯಾಗಿ ಮಾಡಿ, ಮುಂದೆ ಮಣ್ಣಿನದೇ ಗೋದಲಿಯನ್ನಿರಿಸಿ, ದೇವರ ಜಗಲಿಯ ಮೇಲೆ ಪೂಜಿಸಿ, ಹೋಳಿಗೆಯ ನೈವೇದ್ಯ ಮಾಡುತ್ತಾರೆ. ಎತ್ತಿಲ್ಲದವನ ಮನೆಗೂ ಅಂದು ಎತ್ತು ಬರುತ್ತದೆ. ಕುಂಬಾರರು ಎತ್ತುಗಳನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಕೊಟ್ಟು ಕಾಳು ಪಡೆಯುವ ಪದ್ಧತಿಯೂ ಉಂಟು. ಮುಂದೆ ಆಷಾಢದ ಗುಳ್ಳವ್ವ, ಶ್ರಾವಣದ ನಾಗಪ್ಪ, ಭಾದ್ರಪದದ ಗಣಪತಿ ಮತ್ತು ಜೋಕುಮಾರ, ಹೀಗೆ ಮಳೆಗಾಲದುದ್ದಕ್ಕೂ ಮಣ್ಣಿನ ದೇವರುಗಳ ಸರಣಿಯೇ ನಡೆಯುತ್ತದೆ.

ಈ ಬಾಲ್ಯದ ನೆನಪಿಗೆ ನಾನು ಓದಿದ ಪುರಾತತ್ತ್ವವೂ ಜೊತೆಗೂಡಿತು. ರಾಯಚೂರು ಜಿಲ್ಲೆಯ ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್ಚಿನ್ ಅವರು ೧೯೫೨ರಲ್ಲಿ ಅಗೆತ ನಡೆಸಿ, ೧೯೬೦ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಅಲ್ಲಿಯ ನವಶಿಲಾಯುಗದ ಜನರು ದನಗಾಹಿಗಳು. ಅವರು ಹಿಣಿಲುಳ್ಳ ಪಶುಗಳನ್ನು ಮಣ್ಣಿನಲ್ಲಿ ಮಾಡಿದರು, ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದರು. ನಾಲ್ಕು ಸಾವಿರ ವರ್ಷಗಳ ಆ ಪಶುವಿಗೂ ನಮ್ಮೂರ ಮಣ್ಣೆತ್ತಿಗೂ ನೇರವಾದ ಗೆರೆಯನ್ನೆಳೆದು, ದಾದರಿನ ಬೊಂಬೆಯನ್ನು ಆ ಗೆರೆಯ ತುದಿಯಲ್ಲಿ ನಿಲ್ಲಿಸಿ ನಾನು ಭಾಷಣವನ್ನು ಮುಗಿಸಿದೆ. ಸಭಿಕರು ಸಂತೋಷಪಟ್ಟರು.

ಗೋಷ್ಠಿಗೆ ಮಿತ್ರರ ದೊಡ್ಡಮ್ಮನವರೂ ಬಂದಿದ್ದರು. ವಯಸ್ಸು ಎಂಬತ್ತನ್ನು ದಾಟಿದೆ. ಚಹಾದ ಹೊತ್ತಿಗೆ ಮೇಜಿನ ಬಳಿ ಬಂದು, ಬೊಂಬೆಯನ್ನು ಕೈಗೆತ್ತಿಕೊಂಡು, ಅಂಗಾತ ಮಾಡಿ ನನ್ನ ಮುಂದೆ ಹಿಡಿದರು. “ಇದರ ಹೊಟ್ಟೆಯಡಿ ನೋಡಿ ಮಾರಾಯ್ರೆ. ಎತ್ತಿಗೆ ಕೆಚ್ಚಲು ಉಂಟೋ?” ಎಂದರು.

ನೋಡಿದೆ. ಹಿಂಗಾಲುಗಳ ನಡುವೆ ಒತ್ತಿ ಅಂಟಿಸಿದ ಮಣ್ಣಿನ ಚಿಕ್ಕ ಉಂಡೆ. ಅದರ ಮೇಲೆ ಜೋಳದ ಕಾಳಿಗಿಂತಲೂ ಸಣ್ಣದಾದ ನಾಲ್ಕು ಮೊಲೆಗಳು. ಪಶುವು ಹಸು. ಹಿಣಿಲನ್ನು ಅಳೆದವನು, ಕೊಂಬಿನ ಬಾಗನ್ನು ಬರೆದುಕೊಂಡವನು, ಬೊಂಬೆಯನ್ನು ಒಮ್ಮೆಯಾದರೂ ತಿರುವಿ ನೋಡಿರಲಿಲ್ಲ. ಚೆಕ್ಕಿನ ಬೆನ್ನನ್ನು ನೋಡದೆ ಹಣ ಕೊಡುವ ಗುಮಾಸ್ತೆಯನ್ನು ನಮ್ಮ ಕಚೇರಿಯಲ್ಲಿ ಒಂದು ದಿನವೂ ಇಟ್ಟುಕೊಳ್ಳಲಾರೆವು.

೩

ಮಣ್ಣೆತ್ತಿನ ವಾದವು ಈ ಒಂದು ಪ್ರಮಾಣದಿಂದಲೇ ಬಿದ್ದುಹೋಯಿತು. ಆದರೆ ಅದು ಬೀಳಲು ಬೇರೆ ಕಾರಣಗಳೂ ಮೊದಲಿನಿಂದಲೇ ಇದ್ದವು. ನಾನು ಅವುಗಳನ್ನು ಕಂಡೂ ಕಾಣದವನಾಗಿದ್ದೆ. ಮಣ್ಣೆತ್ತನ್ನು ಸುಡುವುದಿಲ್ಲ. ಹಸಿ ಎರೆಮಣ್ಣಿನಲ್ಲಿ ಮಾಡಿ, ನೆರಳಿನಲ್ಲಿ ಆರಿಸಿ, ಪೂಜೆಯ ಬಳಿಕ ನೀರಿಗೆ ಬಿಟ್ಟರೆ ಅದು ಕರಗಬೇಕು. ಕರಗುವುದೇ ಅದರ ಧರ್ಮ. ಅರ್ಧ ಶತಮಾನಕ್ಕೂ ಮಿಗಿಲಾಗಿ ಪೆಟ್ಟಿಗೆಯಲ್ಲಿ ಉಳಿದಿರುವ ಸುಟ್ಟ ಬೊಂಬೆ ಮಣ್ಣೆತ್ತಾಗುವುದು ಹೇಗೆ? ಎರಡನೆಯದಾಗಿ, ಮಣ್ಣೆತ್ತು ಜೋಡಿ, ಇದು ಒಂಟಿ. ಮೂರನೆಯದಾಗಿ, ನಮ್ಮ ಬಯಲುಸೀಮೆಯ ಮಣ್ಣೆತ್ತಿನಲ್ಲಿ ಕಿಲಾರಿ ಎತ್ತಿನ ದೊಡ್ಡ ಹಿಣಿಲೂ ಹಿಂದಕ್ಕೆ ಚಾಚಿ ಮೇಲೇರುವ ಕೊಂಬೂ ಎದ್ದು ಕಾಣುತ್ತವೆ. ಈ ಪಶುವಿನ ಹಿಣಿಲು ಗುಲಗಂಜಿಯಷ್ಟು, ಕೊಂಬು ಗಿಡ್ಡ, ಮೈ ದುಂಡು. ‘ಮಲೆನಾಡು ಗಿಡ್ಡ’ ಎಂದು ಹೆಸರಾದ, ಪಶ್ಚಿಮ ಘಟ್ಟದ ಎರಡೂ ಮಗ್ಗುಲಲ್ಲಿ ಸಾಕುವ ಸಣ್ಣ ತಳಿಯ ದನವೇ ಇದರ ಮಾದರಿಯೆನ್ನಲು ಅಡ್ಡಿಯಿಲ್ಲ.

ಇನ್ನು ಮಾಡಿದ ಬಗೆ. ಪ್ರಾಚೀನ ಭಾರತದ ಮೃಣ್ಮಯ ಮೂರ್ತಿಗಳಲ್ಲಿ ಮುಖ್ಯವಾಗಿ ಮೂರು ತಂತ್ರಗಳನ್ನು ಕಾಣುತ್ತೇವೆ. ಒಂದು, ಕೈಯಿಂದಲೇ ಹಿಸುಕಿ ಮಾಡುವುದು. ಎರಡು, ಅಚ್ಚಿನಲ್ಲಿ ಒತ್ತುವುದು. ಶಾತವಾಹನರ ಕಾಲದಲ್ಲಿ ತೇರ್ ಮೊದಲಾದ ದಖ್ಖನದ ಪಟ್ಟಣಗಳಲ್ಲಿ ಮುಂದಿನ ಹಿಂದಿನ ಭಾಗಗಳನ್ನು ಎರಡು ಅಚ್ಚುಗಳಲ್ಲಿ ತೆಗೆದು ಜೋಡಿಸುವ ಕೌಶಲವು ಪರಾಕಾಷ್ಠೆಯನ್ನು ಮುಟ್ಟಿತ್ತು. (ಗ್ರೀಕ್ ನಾವಿಕನು ತಗರವೆಂದು ಕರೆದ ಪಟ್ಟಣವೇ ಇಂದಿನ ತೇರ್.) ಮೂರು, ಮೈಯನ್ನೂ ಕಾಲುಗಳನ್ನೂ ತಿಗರಿಯ ಮೇಲೆ ಗಡಿಗೆಯಂತೆ, ಕೊಳವೆಯಂತೆ ಎತ್ತಿ ಕೂಡಿಸುವುದು, ಬಂಗಾಳದ ಬಾಂಕುರಾ ಜಿಲ್ಲೆಯ ಪಾಂಚ್‌ಮುಡಾದ ಕುದುರೆಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಅಚ್ಚಿನದಾದರೆ ಪಕ್ಕದಲ್ಲಿ ಕೂಡುಗೆರೆ ಕಾಣಬೇಕು. ತಿಗರಿಯದಾದರೆ ಒಳಗು ಟೊಳ್ಳಾಗಿದ್ದು, ಸುಡುವಾಗ ಆವಿ ಹೊರಹೋಗಲು ತೂತಿರಬೇಕು. ನಮ್ಮ ಬೊಂಬೆಯಲ್ಲಿ ಇವೆರಡೂ ಇಲ್ಲ. ಇಡೀ ಮೈ ಗಟ್ಟಿ. ಒಂದೇ ಉಂಡೆಯಿಂದ ಕಾಲುಗಳನ್ನು ಹಿಸುಕಿ ಎಳೆದಿದ್ದಾರೆ. ಹಿಣಿಲು, ಕೊಂಬು, ಕೆಚ್ಚಲುಗಳನ್ನು ಮಾತ್ರ ಬೇರೆಯಾಗಿ ಅಂಟಿಸಿದ್ದಾರೆ.

ಕೊಂಬು ಮುರಿದ ಜಾಗವು ಇನ್ನೂ ಹೆಚ್ಚಿನದನ್ನು ತಿಳಿಸುತ್ತದೆ. ಹೊರಪದರ ಕೆಂಪು, ಒಳಗಿನ ತಿರುಳು ಕಪ್ಪು. ಬೆಂಕಿ ಒಳಗಿನ ತನಕ ಪೂರ್ತಿಯಾಗಿ ಮುಟ್ಟದೆ, ಮಣ್ಣಿನಲ್ಲಿದ್ದ ಹೊಟ್ಟು ಮೊದಲಾದವು ಸುಟ್ಟು ಇಂಗಾಲವಾಗಿ ಉಳಿದಾಗ ಹೀಗಾಗುತ್ತದೆ. ಅಂದರೆ ಹುಲ್ಲು ಸೌದೆಗಳನ್ನು ಮುಚ್ಚಿ ಸುಡುವ ಹಳ್ಳಿಯ ಆವಗೆಯಲ್ಲಿ, ಗಡಿಗೆಗಳ ಸಂದಿನಲ್ಲಿಟ್ಟು ಬೇಯಿಸಿದ ವಸ್ತುವಿದು. ತಿರುಳಿನಲ್ಲಿ ಕೆಂಪು ಜಂಬಿಟ್ಟಿಗೆಯ ಸಣ್ಣ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಇದು ಕರಾವಳಿಯ ಮುರಕಲ್ಲಿನ ನೆಲ. ದಖ್ಖನದ ಕರಿಯ ಶಿಲೆ ಸವೆದು ಉಂಟಾದ ಎರೆಯಲ್ಲ.

ಕಾರ್ಖಾನೆಯ ವಸ್ತುವಾಗಿರಬಹುದೇ ಎಂಬುದನ್ನೂ ಪರಿಶೀಲಿಸುವುದು ಅಗತ್ಯವಾಯಿತು. ಮಂಗಳೂರಿನ ಹೆಸರು ಹಂಚಿನಿಂದಲೇ ಲೋಕಪ್ರಸಿದ್ಧ. ೧೮೩೪ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಅದಕ್ಕೆ ಕಾರಣನಾದವನು ಜಾರ್ಜ್ ಪ್ಲೆಬ್ಸ್ಟ್. ಆದರೆ ಅಲ್ಲಿಯ ಮಣ್ಣು ಯಂತ್ರದಲ್ಲಿ ಅರೆದು ನಯವಾದುದು, ಅಚ್ಚಿನಲ್ಲಿ ಒತ್ತಿದುದು, ಸಮನಾಗಿ ಬೆಂದುದು. ಹಂಚಿನ ಬೆನ್ನಿನ ಮೇಲೆ ಮಾಡಿದವರ ಹೆಸರು ಅಚ್ಚಾಗಿರುತ್ತದೆ. ಈ ನಗರದಲ್ಲಿಯೂ ಜೆ. ಜೆ. ಕಲಾಶಾಲೆಯ ಜಾರ್ಜ್ ಟೆರಿಯವರ ನೇತೃತ್ವದಲ್ಲಿ ೧೮೭೦ರ ದಶಕದಿಂದ ಕಲಾತ್ಮಕ ಮೃತ್ಪಾತ್ರೆಗಳು ತಯಾರಾದವು. ಬಾಯಿಕಳಾದಲ್ಲಿ ೧೮೭೨ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ, ಅಂದರೆ ಇಂದಿನ ಡಾಕ್ಟರ್ ಭಾವು ದಾಜಿ ಲಾಡ್ ಸಂಗ್ರಹಾಲಯದಲ್ಲಿ, ಅವುಗಳನ್ನು ಈಗಲೂ ನೋಡಬಹುದು. ಅವುಗಳ ಗಾಜಿನಂಥ ಮೆರುಗಿಗೂ ನಮ್ಮ ಹಸುವಿಗೂ ಯಾವ ನಂಟೂ ಇಲ್ಲ. ಧಾರಾವಿಯ ಕುಂಬಾರವಾಡೆ ದಾದರಿಗೆ ಹತ್ತಿರವೇ. ಆದರೆ ಅಲ್ಲಿಯ ಕುಂಬಾರರು ಸೌರಾಷ್ಟ್ರದಿಂದ ಬಂದವರು, ಅವರ ವ್ಯಾಪಾರ ಗಡಿಗೆ, ಹಣತೆಗಳದು. ಮುರಕಲ್ಲಿನ ಹರಳು ಅವರ ಮಣ್ಣಿನಲ್ಲಿ ಬರುವ ಕಾರಣವಿಲ್ಲ.

ಹೀಗೆ ಒಂದೊಂದಾಗಿ ಬಿಟ್ಟುಕೊಡುತ್ತ ಬಂದಾಗ ಉಳಿಯುವುದು ಇಷ್ಟು: ಕರಾವಳಿಯ ಯಾವುದೋ ಹಳ್ಳಿಯ ಕುಂಬಾರರ ಮನೆಯಲ್ಲಿ, ತಿಗರಿಯ ಸಹಾಯವಿಲ್ಲದೆ, ಕೈಯಿಂದ ಮಾಡಿ, ಗಡಿಗೆಗಳೊಡನೆ ಸುಟ್ಟ ಹಸು.

೪

ಕಾಲವನ್ನು ನಿರ್ಣಯಿಸಲು ಬೊಂಬೆಯ ರೂಪವು ನೆರವಾಗುವುದಿಲ್ಲ. ೧೯೩೯ರಲ್ಲಿಯೇ ಸ್ಟೆಲ್ಲಾ ಕ್ರಾಮ್ರಿಶ್ ಅವರು ಭಾರತೀಯ ಮೃಣ್ಮಯ ಮೂರ್ತಿಗಳನ್ನು ಕುರಿತು ಬರೆಯುತ್ತ, ಕಾಲದ ಗುರುತನ್ನು ಹೊತ್ತವು ಕೆಲವು, ಕಾಲಾತೀತವಾದವು ಕೆಲವು ಎಂದು ವಿಂಗಡಿಸಿದರು. ಅಚ್ಚಿನ ಮೂರ್ತಿಯಲ್ಲಿ ಉಡುಗೆ, ತೊಡುಗೆ, ಕೇಶವಿನ್ಯಾಸಗಳು ಕಾಲವನ್ನು ಹೇಳುತ್ತವೆ. ಕೈಯಿಂದ ಹಿಸುಕಿದ ಪಶುವಾದರೋ ಎರಡು ಸಾವಿರ ವರ್ಷಗಳ ಹಿಂದೆಯೂ ಹೀಗೆಯೇ ಇತ್ತು, ನಿನ್ನೆಯೂ ಹೀಗೆಯೇ ಇತ್ತು. ರೂಪದ ಸಾಮ್ಯವನ್ನೇ ನಂಬಿ ನಾನು ಪಿಕ್ಲಿಹಾಳಕ್ಕೆ ಗೆರೆಯೆಳೆದುದು ಎಷ್ಟು ಅವಿಚಾರವೆಂಬುದು ಇದರಿಂದ ಸ್ಪಷ್ಟ. ರೂಪವೊಂದೇ ಆದ ಮಾತ್ರಕ್ಕೆ ಉದ್ದೇಶವೂ ಒಂದೇ ಆಗಬೇಕೆಂಬ ನಿಯಮವಿಲ್ಲ.

ಉದ್ದೇಶವನ್ನು ತಿಳಿಸುವುದು ವಸ್ತು ಸಿಕ್ಕ ನೆಲೆ. ಪುಣೆ ಜಿಲ್ಲೆಯ ಘೋಡ ನದಿಯ ದಂಡೆಯಲ್ಲಿರುವ ಇನಾಂಗಾವಿಯನ್ನು ಇಲ್ಲಿ ನೆನೆಯಬಹುದು. ಡೆಕ್ಕನ್ ಕಾಲೇಜಿನವರು ೧೯೬೮ರಿಂದ ಅಲ್ಲಿ ನಡೆಸಿದ ಅಗೆತದಲ್ಲಿ, ಮೂರು ಸಾವಿರ ವರ್ಷಗಳಿಗೂ ಹಿಂದಿನ ಮನೆಯೊಂದರ ನೆಲದಡಿಯಲ್ಲಿ, ಮಣ್ಣಿನ ಪೆಟ್ಟಿಗೆಯೊಳಗೆ ತಲೆಯಿಲ್ಲದ ಸ್ತ್ರೀಮೂರ್ತಿಯೂ ಅದರ ಮೇಲೆ ಇನ್ನೊಂದು ಸ್ತ್ರೀಮೂರ್ತಿ ಹಾಗೂ ಒಂದು ಗೂಳಿಯೂ ದೊರೆತವು. ಗೂಳಿಯ ಬೆನ್ನಿನಲ್ಲಿ ಒಂದು ರಂಧ್ರ, ಮೂರ್ತಿಯಲ್ಲಿ ಒಂದು ರಂಧ್ರ. ಕಡ್ಡಿಯಿಟ್ಟರೆ ಸ್ತ್ರೀಯು ಗೂಳಿಯ ಮೇಲೆ ನಿಲ್ಲುತ್ತಾಳೆ. ಅದೇ ಗೂಳಿ ಒಂಟಿಯಾಗಿ ಅಂಗಳದಲ್ಲಿ ಸಿಕ್ಕಿದ್ದರೆ ಮಗುವಿನ ಆಟಿಕೆಯೆಂದು ಪಟ್ಟಿಯಲ್ಲಿ ಸೇರಿಬಿಡುತ್ತಿತ್ತು.

ಹಾಗಾದರೆ ದಾದರಿನ ಹಸುವಿನ ನೆಲೆಯಾವುದು? ತಗಡಿನ ಪೆಟ್ಟಿಗೆಯ ತಳ. ಅಲ್ಲಿ ಅದರ ಜೊತೆಗೆ ಇನ್ನೇನಿತ್ತು ಎಂದು ನಾನು ಮೊದಲು ಕೇಳಿರಲಿಲ್ಲ. ಗೋಷ್ಠಿಯ ಬಳಿಕ ಮಿತ್ರರ ಮನೆಗೆ ಹೋಗಿ ಕೇಳಿದಾಗ ದೊಡ್ಡಮ್ಮನವರು ಪೆಟ್ಟಿಗೆಯಿಂದ ಅರಿಸಿನ ಬಣ್ಣದ ಬಟ್ಟೆಯ ಗಂಟೊಂದನ್ನು ತಂದಿಟ್ಟರು. ಅದು ಮುಡಿಪು, ಹರಕೆ ಹೊತ್ತವರು ದೇವರಿಗೆಂದು ಕಟ್ಟಿಡುವ ಕಾಣಿಕೆ. ಅವರ ಅಪ್ಪಣೆಯಿಂದ, ಅವರೇ ಬಿಚ್ಚಿದ ಬಳಿಕ, ಒಳಗಿನದನ್ನು ನೋಡಿದೆ. ಒಂದು ರೂಪಾಯಿಯ ನಾಣ್ಯ, ಒಂದು ಪಾವಲಿ: ಒಟ್ಟು ಒಂದೂಕಾಲು ರೂಪಾಯಿ. ಎರಡೂ ನಿಕ್ಕಲಿನವು. ಒಂದು ಮಗ್ಗುಲಲ್ಲಿ ಆರನೆಯ ಜಾರ್ಜ್ ದೊರೆಯ ತಲೆ, ಇನ್ನೊಂದು ಮಗ್ಗುಲಲ್ಲಿ ಹುಲಿ. ಪಾವಲಿಯ ಮೇಲೆ ೧೯೪೬, ರೂಪಾಯಿಯ ಮೇಲೆ ೧೯೪೭.

ನಾಣ್ಯಗಳು ನನ್ನ ವೃತ್ತಿಗೆ ಸೇರಿದವು. ಇಲ್ಲಿ ನಾನು ಸ್ವಲ್ಪ ಧೈರ್ಯದಿಂದ ಮಾತನಾಡಬಲ್ಲೆ. ರೂಪಾಯಿ ೧೯೪೭ರದಾದ ಕಾರಣ ಮುಡಿಪನ್ನು ಅದಕ್ಕಿಂತ ಮೊದಲು ಕಟ್ಟಿರಲು ಸಾಧ್ಯವಿಲ್ಲ. ಇದು ಕಾಲದ ಕೆಳ ಎಲ್ಲೆ. ಮೇಲಿನ ಎಲ್ಲೆಯನ್ನು ನಾಣ್ಯಗಳಿಂದಲೇ ಗೊತ್ತುಮಾಡಲಾಗದು. ಗಣರಾಜ್ಯದ ಹೊಸ ನಾಣ್ಯಗಳು ೧೯೫೦ರಲ್ಲಿ ಬಂದರೂ ದೊರೆಯ ತಲೆಯ ನಾಣ್ಯಗಳು ಅವುಗಳ ಜೊತೆಗೆ ಓಡಾಡಿದವು. ದಶಮಾನ ಪದ್ಧತಿ ಜಾರಿಗೆ ಬಂದುದು ೧೯೫೭ರ ಏಪ್ರಿಲ್ ೧ರಂದು. ಆದರೆ ಬೇರೊಂದು ಕಾಗದ ನೆರವಿಗೆ ಬಂದಿತು. ದೊಡ್ಡಮ್ಮನವರು ಏಳನೆಯ ವಯಸ್ಸಿನಲ್ಲಿ ತಾಯಿಯೊಡನೆ ಈ ನಗರಕ್ಕೆ ಬಂದವರು. ಇಲ್ಲಿಯ ಮುನಿಸಿಪಲ್ ಕನ್ನಡ ಶಾಲೆಯನ್ನು ಅವರು ಸೇರಿದುದು ೧೯೪೯ರ ಜೂನಿನಲ್ಲಿ ಎಂದು ಅವರ ಶಾಲಾ ಪ್ರಮಾಣಪತ್ರದಲ್ಲಿದೆ. ಪೆಟ್ಟಿಗೆಯು ಅದೇ ಪ್ರಯಾಣದಲ್ಲಿ ಬಂದುದು. ಆದುದರಿಂದ ಮುಡಿಪು ಊರಿನಲ್ಲಿಯೇ ಕಟ್ಟಿದ್ದಾದರೆ ಅದು ೧೯೪೭ ಮತ್ತು ೧೯೪೯ರ ಬೇಸಗೆಯ ನಡುವಿನದು. ಅದು ಊರಿನಲ್ಲಿಯೇ ಕಟ್ಟಿದ್ದೆಂಬುದಕ್ಕೆ ಸಾಕ್ಷಿ ಮುಂದೆ ಬರಲಿದೆ.

೫

ಬೆಳ್ತಂಗಡಿ ತಾಲೂಕಿನ ಉಜಿರೆಯಿಂದ ಸುಮಾರು ೪ ಕಿಲೋಮೀಟರು ದೂರದಲ್ಲಿ, ನಡ ಗ್ರಾಮದಲ್ಲಿ, ಸುರ್ಯ ಎಂಬ ಸ್ಥಳವಿದೆ. ಅಲ್ಲಿಯ ದೇವರು ಸದಾಶಿವರುದ್ರ. ಕಾಡಿಗೆ ಹೋದ ತಾಯಿಯೊಬ್ಬಳ ಕತ್ತಿ ಕಲ್ಲಿಗೆ ತಗುಲಿ, ಕಲ್ಲಿನಿಂದ ನೆತ್ತರು ಒಸರಲು, ಆಕೆ ಬೆದರಿ ತನ್ನ ಮಗನನ್ನು ‘ಸುರ್ಯ’ ಎಂದು ಕೂಗಿದಳೆಂದೂ ಅದರಿಂದಲೇ ಸ್ಥಳಕ್ಕೆ ಆ ಹೆಸರಾಯಿತೆಂದೂ ಐತಿಹ್ಯ. ಈ ಕ್ಷೇತ್ರದ ವೈಶಿಷ್ಟ್ಯವೆಂದರೆ ಮಣ್ಣಿನ ಹರಕೆ. ಬೇಡಿದುದು ಕೈಗೂಡಿದರೆ ಭಕ್ತನು ಅದರ ರೂಪವನ್ನು ಮಣ್ಣಿನಲ್ಲಿ ಒಪ್ಪಿಸುತ್ತಾನೆ: ಮನೆ ಬೇಡಿದವನು ಮನೆ, ಸಂತಾನ ಬೇಡಿದವನು ಮಗು ಅಥವಾ ತೊಟ್ಟಿಲು, ಕೈಕಾಲಿನ ನೋವಿಗೆ ಕೈಕಾಲು, ದನದ ಬೇನೆಗೆ ದನ. ಗುಡಿಯಲ್ಲಿ ಒಪ್ಪಿಸಿದ ಬೊಂಬೆಗಳನ್ನು ಸಮೀಪದ ಬನದಲ್ಲಿ, ಮರಗಳ ನೆರಳಿನಲ್ಲಿ, ಬಯಲಿನಲ್ಲಿಯೇ ಇರಿಸುತ್ತಾರೆ. ಈಗೀಗ ಮೋಟಾರು, ಕಂಪ್ಯೂಟರುಗಳ ಮಣ್ಣಿನ ಬೊಂಬೆಗಳೂ ಅಲ್ಲಿ ಸೇರಿವೆ.

ಹರಕೆಯ ಮೃಣ್ಮಯ ಪಶುಗಳು ನಮ್ಮ ದೇಶದಲ್ಲಿ ಅಪರೂಪವಲ್ಲ. ತಮಿಳುನಾಡಿನ ಅಯ್ಯನಾರ್ ಗುಡಿಗಳ ಮುಂದೆ ಆಳೆತ್ತರದ ಕುದುರೆಗಳು ಸಾಲುಗಟ್ಟಿವೆ. ಗುಜರಾತಿನ ಪೋಶಿನಾ, ಛೋಟಾ ಉದೇಪುರಗಳ ಆದಿವಾಸಿಗಳೂ ಕುದುರೆಗಳನ್ನು ಒಪ್ಪಿಸುತ್ತಾರೆ. ಇವೆಲ್ಲ ಒಮ್ಮೆ ಒಪ್ಪಿಸಿದ ಬಳಿಕ ಅಲ್ಲಿಯೇ ಬಿಸಿಲು ಮಳೆಗಳಿಗೆ ಸಿಕ್ಕು ಒಡೆದು ಮಣ್ಣಾಗುತ್ತವೆ. ಅವನ್ನು ರಿಪೇರಿ ಮಾಡುವುದಿಲ್ಲ, ಹಿಂದಕ್ಕೆ ತರುವುದಿಲ್ಲ. ಇಲ್ಲಿ ಒಂದು ಸಮಸ್ಯೆ ಹುಟ್ಟುತ್ತದೆ. ಹರಕೆಯ ಬೊಂಬೆ ದೇವರ ಬನದಲ್ಲಿರಬೇಕು. ದಾದರಿನ ಪೆಟ್ಟಿಗೆಯಲ್ಲಿ ಅದು ಇರುವುದಾದರೆ, ಒಂದೋ ಅದು ಹರಕೆಯದಲ್ಲ, ಇಲ್ಲವೇ ಅದು ಸಲ್ಲದೆ ಉಳಿದ ಹರಕೆ.

ದೊಡ್ಡಮ್ಮನವರ ನೆನಪು ಇಷ್ಟು. ಊರಿನ ಮನೆಯಲ್ಲಿ ಕರೆಯುವ ದನವೊಂದು ಬೇನೆ ಬಿದ್ದು ಮೇವು ಬಿಟ್ಟಿತ್ತು. ತಾಯಿ ಸುರ್ಯಕ್ಕೆ ಹೇಳಿಕೊಂಡರು, ದನ ಎದ್ದಿತು. “ಮಡಕೆ ತರುತ್ತಿದ್ದ ಕುಂಬಾರರ ಹೆಂಗಸೇ ಇದನ್ನು ತಂದು ಕೊಟ್ಟದ್ದು. ಒಂದು ಸೇರು ಅಕ್ಕಿ ಹಾಕಿದ್ದು ನನಗೆ ನೆನಪುಂಟು. ನಾನು ಆಡಲಿಕ್ಕೆ ಕೇಳಿದೆ, ಅಮ್ಮ ಕೊಡಲಿಲ್ಲ” ಎಂದರು. ಅಷ್ಟರಲ್ಲಿ ಈ ನಗರದಲ್ಲಿದ್ದ ತಂದೆಯವರ ಕಾಗದ ಬಂದಿತು: ಮಕ್ಕಳನ್ನು ಕರೆದುಕೊಂಡು ಕೂಡಲೇ ಹೊರಡಬೇಕು. ಆ ಕಾಲದಲ್ಲಿ ಮಂಗಳೂರಿನಿಂದ ಇಲ್ಲಿಗೆ ಬರುವವರು ಹೆಚ್ಚಾಗಿ ಹಡಗನ್ನೇ ನೆಚ್ಚಿದ್ದರು. ಮಳೆಗಾಲ ಹಿಡಿದರೆ ಹಡಗುಗಳ ಓಡಾಟ ನಿಲ್ಲುತ್ತಿತ್ತು. ಸುರ್ಯಕ್ಕೆ ಹೋಗಿಬರಲು ದಿನಗಳಿರಲಿಲ್ಲ. “ಮುಂದಿನ ಸಲ ಊರಿಗೆ ಬಂದಾಗ” ಎಂದು ಬೊಂಬೆಯನ್ನೂ ಮುಡಿಪನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಹಡಗು ಹತ್ತಿದರು. ಆ ಮುಂದಿನ ಸಲ ಬರಲೇ ಇಲ್ಲ. ಊರಿನ ಜಮೀನು ಕೈಬಿಟ್ಟಿತು, ಮನೆಯೂ ಹೋಯಿತು. ತಾಯಿ ಕೊನೆಗಾಲದಲ್ಲಿ “ಸುರ್ಯದ್ದು ಬಾಕಿ ಉಂಟು” ಎಂದು ಎರಡು ಮೂರು ಬಾರಿ ಹೇಳಿದ್ದರಂತೆ. ಆಗ ಅದು ಯಾರಿಗೂ ಅರ್ಥವಾಗಲಿಲ್ಲ.

ಮೌಖಿಕ ಸಾಕ್ಷ್ಯವನ್ನು ಪರೀಕ್ಷಿಸದೆ ಒಪ್ಪಬಾರದು. ಏಳು ವರ್ಷದ ಮಗುವಿನ ನೆನಪು ಮುಕ್ಕಾಲು ಶತಮಾನದ ಬಳಿಕ ಎಷ್ಟು ನಿಲ್ಲುತ್ತದೆಂದು ವಾಚಕರು ಕೇಳಬಹುದು. ಆದರೆ ಇಲ್ಲಿ ಆ ನೆನಪು ಹೇಳುವ ಪ್ರತಿಯೊಂದಕ್ಕೂ ಬೇರೆ ಆಧಾರವಿದೆ. ಪಶು ಹಸುವೆಂದು ಕೆಚ್ಚಲು ಹೇಳುತ್ತದೆ. ಕರಾವಳಿಯದೆಂದು ಮಣ್ಣು ಹೇಳುತ್ತದೆ. ಹಳ್ಳಿಯ ಆವಗೆಯದೆಂದು ಕಪ್ಪು ತಿರುಳು ಹೇಳುತ್ತದೆ. ಹರಕೆಯದೆಂದು ಮುಡಿಪು ಹೇಳುತ್ತದೆ. ಕಾಲವನ್ನು ನಾಣ್ಯವೂ ಶಾಲೆಯ ಕಾಗದವೂ ಹೇಳುತ್ತವೆ. ಇವುಗಳಲ್ಲಿ ಯಾವುದೂ ನೆನಪಿಗೆ ವಿರುದ್ಧವಾಗಿಲ್ಲ. ಸುರ್ಯ ಎಂಬ ಸ್ಥಳದ ಹೆಸರು ಮಾತ್ರ ನೆನಪಿನಿಂದಲೇ ಬಂದುದು. ಆದರೆ ಆ ಸೀಮೆಯಲ್ಲಿ ಮಣ್ಣಿನ ಹರಕೆಗೆ ಹೆಸರಾದ ಕ್ಷೇತ್ರವೂ ಅದೇ.

ದನದ ಬೇನೆಗೆ ದೇವರನ್ನು ಮೊರೆಹೊಕ್ಕುದನ್ನು ಇಂದಿನವರು ಹಗುರವಾಗಿ ಕಾಣಬಾರದು. ದೊಡ್ಡರೋಗ ಮೊದಲಾದ ಅಂಟುಬೇನೆಗಳು ಅಂದು ಒಂದು ವಾರದಲ್ಲಿ ಹಟ್ಟಿಯನ್ನೇ ಬರಿದುಮಾಡುತ್ತಿದ್ದವು. ದೊಡ್ಡರೋಗದ ವಿರುದ್ಧ ದೇಶವ್ಯಾಪಿಯಾದ ನಿರ್ಮೂಲನ ಕಾರ್ಯಕ್ರಮ ಆರಂಭವಾದುದು ೧೯೫೪ರಲ್ಲಿ. ಭಾರತವು ಆ ರೋಗದಿಂದ ಮುಕ್ತವೆಂದು ಅಂತರರಾಷ್ಟ್ರೀಯ ಮನ್ನಣೆ ದೊರೆತುದು ೨೦೦೬ರಲ್ಲಿ. ಜಗತ್ತಿನಿಂದಲೇ ಅದು ತೊಲಗಿತೆಂಬ ಘೋಷಣೆ ೨೦೧೧ರಲ್ಲಿ. ನಮ್ಮ ಬೊಂಬೆ ಆ ಕಾರ್ಯಕ್ರಮಕ್ಕೂ ಹಿಂದಿನದು. ಈ ದನದ ಬೇನೆ ಯಾವುದೇ ಇರಲಿ, ಗಂಡ ದೂರದ ನಗರದಲ್ಲಿರುವಾಗ ಮನೆಯನ್ನು ನಡೆಸುತ್ತಿದ್ದ ಹೆಂಗಸಿಗೆ ಕರೆಯುವ ದನವೆಂದರೆ ಮಕ್ಕಳ ಹಾಲು, ಗದ್ದೆಯ ಗೊಬ್ಬರ. ಅದು ಉಳಿದ ಬಳಿಕ ಆಕೆ ಹೊತ್ತ ಋಣವೂ ಅಷ್ಟೇ ನಿಜವಾದುದು.

ಮಾಡಿದವರು ಯಾರು? ಸಂಗ್ರಾಹಕರು ಇಂಥ ವಸ್ತುವಿನ ತಳದಲ್ಲಿ ಮುದ್ರೆಯನ್ನು ಹುಡುಕುತ್ತಾರೆ. ಹಂಚಿಗೆ ಮುದ್ರೆ ಬೇಕು, ಏಕೆಂದರೆ ಅದು ದೂರದ ಪೇಟೆಯಲ್ಲಿ ಅಪರಿಚಿತನಿಗೆ ಮಾರಾಟವಾಗುತ್ತದೆ. ಈ ಹಸು ಮಾರಾಟವಾದುದು ವರ್ಷವೂ ಮಡಕೆ ತರುವ ಮನೆಗೆ. ಅಲ್ಲಿ ಕೊಡುವವಳನ್ನು ಕೊಳ್ಳುವವಳು ಬಲ್ಲಳು. ತುಳುವಿನಲ್ಲಿ ಓಡಾರಿಗಳೆಂದೂ, ತಮ್ಮನ್ನು ತಾವು ಕುಲಾಲರೆಂದೂ ಕರೆದುಕೊಳ್ಳುವ ಕುಂಬಾರರು ಆ ಸೀಮೆಯ ಹಳ್ಳಿಗಳಿಗೆ ಹೀಗೆ ಮಡಕೆಗಳನ್ನು ಒದಗಿಸುತ್ತಿದ್ದರು. ತಿಗರಿಯ ಕೆಲಸ ನಮ್ಮ ದೇಶದ ಹೆಚ್ಚಿನ ಕಡೆಗಳಲ್ಲಿ ಗಂಡಸರದು. ಮಣ್ಣು ಹದಮಾಡುವ, ಕೈಯಿಂದ ತಿದ್ದುವ ಕೆಲಸಗಳಲ್ಲಿ ಹೆಂಗಸರ ಪಾಲು ದೊಡ್ಡದು. ತಿಗರಿ ಮುಟ್ಟದ ಈ ಹಸುವಿನ ಹೊಟ್ಟೆಯ ಬಳಿ ಒಂದು ಹೆಬ್ಬೆರಳ ಗುರುತು ಉಳಿದಿದೆ. ನನ್ನ ಬೆರಳಿಗಿಂತ ಬಹಳ ಚಿಕ್ಕದು. ತಂದು ಕೊಟ್ಟವಳೇ ಮಾಡಿದವಳೂ ಆಗಿರಬಹುದೆಂದು ನನ್ನ ಊಹೆ. ಕುಂಬಾರರ ಮನೆಯ ಸಾಮಾನನ್ನು ಒಬ್ಬರ ಹೆಸರಿಗೆ ಕಟ್ಟುವುದಕ್ಕಿಂತ ಮನೆಯ ಹೆಸರಿಗೆ ಕಟ್ಟುವುದು ನ್ಯಾಯವೆಂದೂ ತೋರುತ್ತದೆ.

೬

ಇಷ್ಟು ನಿಶ್ಚಯವಾದ ಮೇಲೆ ನಾನು ಮಿತ್ರರಿಗೆ ಒಂದು ಸಲಹೆಯನ್ನಿತ್ತೆ. ಕಾಲ, ಮಣ್ಣು, ತಂತ್ರ, ಉದ್ದೇಶ, ಕೊಟ್ಟವರು, ಕೊಂಡವರು ಇಷ್ಟೆಲ್ಲ ಗೊತ್ತಿರುವ ಹರಕೆಯ ಬೊಂಬೆ ಬಹಳ ವಿರಳ. ಅದನ್ನು ಸಂಘದ ಸಂಗ್ರಹಕ್ಕೆ ಕೊಡಬೇಕು, ಗಾಜಿನ ಕಪಾಟಿನಲ್ಲಿ ವಿವರದೊಡನೆ ಇಡೋಣ ಎಂದೆ. ಸುರ್ಯದ ಬನದಲ್ಲಿ ಇಟ್ಟರೆ ನಾಲ್ಕು ಮಳೆಗಾಲದಲ್ಲಿ ಅದು ಒಡೆಯುತ್ತದೆ, ಹತ್ತರಲ್ಲಿ ಗುರುತು ಸಿಗದು ಎಂದೂ ವಾದಿಸಿದೆ. ಮಿತ್ರರು ಒಪ್ಪುವ ಸ್ಥಿತಿಯಲ್ಲಿದ್ದರು. ದೊಡ್ಡಮ್ಮನವರು ಮಾತ್ರ, “ಅದು ನಮ್ಮದಲ್ಲವಲ್ಲ, ಕೊಡುವುದು ಹೇಗೆ?” ಎಂದು ಕೇಳಿದರು.

ಈ ಪ್ರಶ್ನೆಯನ್ನು ನಾನು ಕೆಲವು ವಾರ ಮನಸ್ಸಿನಲ್ಲಿಟ್ಟುಕೊಂಡು ತಿರುಗಿದೆ. ಗ್ರಾಹಕನು ಬ್ಯಾಂಕಿನಲ್ಲಿ ಇಟ್ಟ ಒಡವೆ ಎಷ್ಟು ವರ್ಷ ನಮ್ಮ ತಿಜೋರಿಯಲ್ಲಿದ್ದರೂ ನಮ್ಮದಾಗುವುದಿಲ್ಲ. ಬೊಂಬೆಯ ಉದ್ದೇಶವೇನೆಂದು ತಿಳಿಯಲು ನಾನು ಇಷ್ಟು ಶ್ರಮಪಟ್ಟೆ. ತಿಳಿದ ಬಳಿಕ ಆ ಉದ್ದೇಶಕ್ಕೆ ಅಡ್ಡನಿಲ್ಲುವುದಾದರೆ ತಿಳಿದುದರ ಫಲವೇನು? ಗಾಜಿನ ಕಪಾಟಿನಲ್ಲಿ ಅದು ಉಳಿಯುತ್ತಿತ್ತು, ನಿಜ. ಆದರೆ ಹರಕೆಯಾಗಿ ಉಳಿಯುತ್ತಿರಲಿಲ್ಲ. ಪುರಾತತ್ತ್ವದ ಅಭ್ಯಾಸಿಗಳು ಇದಕ್ಕೆ ಒಪ್ಪದಿರಬಹುದು. ಅವರ ಆಕ್ಷೇಪಣೆಯಲ್ಲಿ ಸತ್ಯವಿದೆ. ಎಲ್ಲರೂ ಹೀಗೆ ಮಾಡಿದರೆ ನಾಳಿನ ವಿದ್ಯಾರ್ಥಿಗೆ ನೋಡಲು ಏನೂ ಉಳಿಯದು. ಅದಕ್ಕೆಂದೇ ಬೊಂಬೆಯನ್ನು ಎಲ್ಲ ಮಗ್ಗುಲುಗಳಿಂದ ಅಳೆದು, ಚಿತ್ರ ಬರೆದು, ಛಾಯಾಚಿತ್ರ ತೆಗೆದು, ಹೆಬ್ಬೆರಳ ಗುರುತಿನ ಪಡಿಯಚ್ಚನ್ನೂ ತೆಗೆದು ಸಂಘದಲ್ಲಿ ಇರಿಸಿದ್ದೇನೆ.

ಕಳೆದ ಮಾಘದಲ್ಲಿ ದೊಡ್ಡಮ್ಮನವರು, ಮಿತ್ರರ ಮನೆಯವರು ಮತ್ತು ನಾನು ರೈಲಿನಲ್ಲಿ ಮಂಗಳೂರಿಗೆ ಹೋದೆವು. ೧೯೯೮ರಲ್ಲಿ ಕೊಂಕಣ ರೈಲುಮಾರ್ಗ ತೆರೆದ ಬಳಿಕ ಇದು ಒಂದು ರಾತ್ರಿಯ ಪ್ರಯಾಣ. ಹಿಂದೆ ಹಡಗಿಗೆ ಕಾದು ಕುಳಿತವರ ಮೊಮ್ಮಕ್ಕಳು ಈಗ ಶನಿವಾರ ಹೋಗಿ ಸೋಮವಾರ ಕಚೇರಿಗೆ ಬರಬಲ್ಲರು. ಆದರೂ ಎಷ್ಟು ಮಂದಿ ಹೋಗುತ್ತೇವೆ ಎಂಬುದು ಬೇರೆಯ ಮಾತು. ಸುರ್ಯದಲ್ಲಿ ಬೊಂಬೆಯನ್ನೂ ಮುಡಿಪನ್ನೂ ಒಪ್ಪಿಸಿದ್ದಾಯಿತು. ಚಲಾವಣೆಯಿಂದ ಎಂದೋ ಹೊರಬಿದ್ದ ಆ ಒಂದೂಕಾಲು ರೂಪಾಯಿಯನ್ನು ನಮ್ಮ ಕಿಟಕಿಯಲ್ಲಿ ಯಾರಾದರೂ ಕಟ್ಟಲು ಬಂದಿದ್ದರೆ ನಾನು ಹಿಂದಿರುಗಿಸುತ್ತಿದ್ದೆ. ಅಲ್ಲಿ ಯಾರೂ ಇಸವಿಯನ್ನು ಕೇಳಲಿಲ್ಲ. ದೊಡ್ಡಮ್ಮನವರು ತಡವಾದುದಕ್ಕೆಂದು ಇಂದಿನ ನೋಟೊಂದನ್ನು ಸೇರಿಸಿದರು.

ಬನದಲ್ಲಿ ಸಾವಿರಾರು ಬೊಂಬೆಗಳು. ಮೇಲಿನವು ಹೊಸ ಕೆಂಪು. ಕೆಳಗಿನವು ಪಾಚಿ ಹಿಡಿದು, ಮೂಗು ಕಿವಿ ಕಳೆದುಕೊಂಡು, ಬೇರುಗಳ ನಡುವೆ ಅರ್ಧ ಹೂತುಹೋಗಿವೆ. ನಮ್ಮ ಹಸುವಿನ ಸಮಕಾಲೀನರಾದವು ಬಹುಶಃ ಎಲ್ಲಕ್ಕೂ ಅಡಿಯಲ್ಲಿ ಮಣ್ಣಾಗಿರಬೇಕು. ಒಂದು ಮಣ್ಣಿನ ಮನೆಯ ಪಕ್ಕದಲ್ಲಿ ದೊಡ್ಡಮ್ಮನವರು ಅದನ್ನು ನಿಲ್ಲಿಸಿದರು. ಮುರಿದ ಕೊಂಬಿನ ಮಗ್ಗುಲು ಗೋಡೆಯ ಕಡೆಗಿರುವಂತೆ ಸ್ವಲ್ಪ ತಿರುಗಿಸಿದರು.

ಕೊನೆಯದಾಗಿ ವಾಚಕರಲ್ಲಿ ಒಂದು ವಿಜ್ಞಾಪನೆ. ನಮ್ಮ ಹಿರಿಯರು ಈ ನಗರಕ್ಕೆ ಬರುವಾಗ ತಂದ ಪೆಟ್ಟಿಗೆಗಳಲ್ಲಿ ಮಣ್ಣಿನ, ಮರದ, ಕಂಚಿನ ಸಣ್ಣ ವಸ್ತುಗಳಿದ್ದರೆ ಅವುಗಳನ್ನು ಹಳೆಯ ಆಟಿಕೆಗಳೆಂದು ಎಸೆಯದಿರಿ. ಪುರಾತನ ಕಲಾಕೃತಿಗಳೆಂದು ಮಾರದಿರಿ. ಅವು ಯಾವ ಪೆಟ್ಟಿಗೆಯಲ್ಲಿ, ಯಾವುದರ ಜೊತೆಗೆ, ಯಾವ ಬಟ್ಟೆಯಲ್ಲಿ ಸುತ್ತಿಟ್ಟಿದ್ದವೆಂಬುದನ್ನು ಮೊದಲು ಬರೆದಿಡಿ. ಅಳತೆ, ತೂಕ, ಮುರಿದ ಜಾಗದ ಬಣ್ಣಗಳನ್ನು ಗುರುತುಮಾಡಿಕೊಳ್ಳಿ. ಎಲ್ಲಕ್ಕಿಂತ ಮೊದಲು ಮನೆಯ ಹಿರಿಯ ಹೆಂಗಸರನ್ನು ಕೇಳಿ. ಮತ್ತು ವಸ್ತುವನ್ನು ಅವರ ಕೈಗೆ ಕೊಟ್ಟು ಕೇಳಿ. ಹೀಗೆ ಬರುವ ವಿವರಗಳನ್ನು ಸಂಘಕ್ಕೆ ಕಳುಹಿಸಿದರೆ ಈ ಪತ್ರಿಕೆಯಲ್ಲಿ ಕ್ರಮವಾಗಿ ಪ್ರಕಟಿಸಲು ಸಂಪಾದಕರು ಒಪ್ಪಿರುತ್ತಾರೆ.